ಅಳಿವೆ ಬಾಗಿಲಿನ ಹನ್ನೆರಡು ಸೆಕೆಂಡು

ನಾನು ಸಹಿ ಮಾಡಿದ ಒಂದು ವರದಿ ಒಂದು ಆಟದ ಸೂಚನಾ ಫಲಕದಲ್ಲಿ ಇಂದಿಗೂ ಇದೆ. ಅದನ್ನು ತೆಗೆಯಲು ಬರುವುದಿಲ್ಲ. ಆ ಫಲಕದ ನಿಯಮವೇ ಹಾಗೆ. ಆ ವರದಿಯಲ್ಲಿ ಬರುವ ವಾರ, ಗಂಟೆ, ನಿಮಿಷಗಳನ್ನೆಲ್ಲ ನಾನು ಮೂರು ಮೂರು ಸಲ ತಾಳೆ ನೋಡಿದ್ದೆ. ಆದರೂ ಅದು ಸುಳ್ಳು ವರದಿ. ಅದು ಹೇಗೆ ಸುಳ್ಳಾಯಿತೆಂಬುದನ್ನು ಕ್ರಮವಾಗಿ ಬರೆದಿಡಬೇಕೆಂದು ತೋರಿದೆ. ಇತರರ ತಪ್ಪುಗಳನ್ನು ಜೀವಮಾನವಿಡೀ ಅಡಿಟಿಪ್ಪಣಿಗಳಲ್ಲಿ ತೋರಿಸಿದವನು ತನ್ನ ತಪ್ಪನ್ನು ಮುಖ್ಯ ಪಠ್ಯದಲ್ಲಿಯೇ ಹೇಳುವುದು ನ್ಯಾಯ.

ಶಾಸನಗಳ ಕಾಲನಿರ್ಣಯ ನನ್ನ ಕಸುಬಾಗಿತ್ತು. ನಿವೃತ್ತಿಯ ಬಳಿಕ ಅಲೆವೂರಿನ ಮನೆಯಲ್ಲಿ ಹಳೆಯ ಟಿಪ್ಪಣಿ ಚೀಟಿಗಳನ್ನು ವಿಂಗಡಿಸುತ್ತ ಕುಳಿತಿದ್ದಾಗ ಮಣಿಪಾಲದ ಒಂದು ಚಿಕ್ಕ ಸಂಸ್ಥೆಯ ಮುಖ್ಯಸ್ಥ ಹುಡುಕಿಕೊಂಡು ಬಂದ. ಅವರು ಅಂತರ್ಜಾಲದಲ್ಲಿ ಆಡುವ ಬಾಹ್ಯಾಕಾಶದ ಆಟವೊಂದನ್ನು ನಡೆಸುತ್ತಿದ್ದರು. ಬೇರೆ ಬೇರೆ ಊರುಗಳಲ್ಲಿ ಕುಳಿತ ಸಾವಿರಾರು ಜನ, ಒಬ್ಬೊಬ್ಬರಿಗೆ ಒಂದೊಂದು ಹಡಗು. ಕ್ಷುದ್ರಗ್ರಹಗಳನ್ನು ಅಗೆದು ಅದಿರು ತೆಗೆಯುವುದು, ಸಾಗಿಸುವುದು, ಮಾರುವುದು. ಬೇಕೆನಿಸಿದರೆ ಒಬ್ಬರನ್ನೊಬ್ಬರು ಹೊಡೆದುರುಳಿಸುವುದು. ಹಾಗೆ ಹೊಡೆಸಿಕೊಂಡವರು ಬರೆಯುವ ದೂರುಗಳು ಅವನ ಮೇಜಿನ ಮೇಲೆ ರಾಶಿ ಬಿದ್ದಿದ್ದವು.

"ಯಾರು, ಯಾವಾಗ, ಎಲ್ಲಿ ಹೊಡೆದ ಅಂತ ದಾಖಲೆ ಎಲ್ಲಾ ಉಂಟು ಸರ್," ಎಂದ. "ಓದಿ ತೀರ್ಮಾನ ಹೇಳುವವರು ಬೇಕು. ನಾವು ಹೇಳಿದ್ರೆ ಆಟಗಾರರು ನಂಬುದಿಲ್ಲ. ನೀವು ಹೊರಗಿನವರು, ವಯಸ್ಸಾದವರು. ದಿನಾಂಕದಲ್ಲಿ ನಿಮ್ಮನ್ನು ಮೀರಿಸುವವರಿಲ್ಲ ಅಂತ ಕೇಳಿದ್ದೇನೆ."

ಕಡೆಯ ಮಾತು ನನಗೆ ಹಿತವಾಯಿತು. ಅಲ್ಲಿಯೇ ನಾನು ಎಚ್ಚರಗೊಳ್ಳಬೇಕಿತ್ತು.

ಮೊದಲ ವಾರ ನಿಯಮಗಳನ್ನು ಕಲಿತೆ. ಆ ಆಟದ ಆಕಾಶದಲ್ಲಿ ಒಂದು ಕಾವಲಿನ ವಲಯವಿದೆ. ಅಲ್ಲಿ ಯಾರಾದರೂ ಗುಂಡು ಹಾರಿಸಿದರೆ ಆಟದ ಪೊಲೀಸರೇ ಅವರನ್ನು ಮುಗಿಸುತ್ತಾರೆ. ಅದರಾಚೆ ಮುಕ್ತ ವಲಯ; ಅಲ್ಲಿ ಕಾನೂನಿಲ್ಲ, ಆದರೆ ಬೆಲೆಬಾಳುವ ಅದಿರಿದೆ. ಎರಡರ ನಡುವೆ ದ್ವಾರಗಳು. ದ್ವಾರ ದಾಟಿದ ಹಡಗಿಗೆ ಮೂವತ್ತು ಸೆಕೆಂಡು ಒಂದು ಕವಚ. ಅಷ್ಟು ಹೊತ್ತು ಅದನ್ನು ಯಾರೂ ಹೊಡೆಯುವಂತಿಲ್ಲ. ಕವಚವಿರುವುದು ದಯೆಯಿಂದಲ್ಲ. ದ್ವಾರ ದಾಟಿದೊಡನೆ ಆಟಗಾರನ ಪರದೆ ಕಪ್ಪಾಗುತ್ತದೆ. ಹೊಸ ವಲಯದ ಚಿತ್ರ ಅವನ ಯಂತ್ರಕ್ಕೆ ಬಂದು ಸೇರುವವರೆಗೆ ಅವನು ಕುರುಡ. ಕುರುಡನಿಗೆ ಕಣ್ಣು ಬರುವವರೆಗೆ ಕಾಯಬೇಕೆಂಬುದಷ್ಟೇ ಅದರ ತತ್ತ್ವ.

ಕಾದಾಟವನ್ನು ಎಷ್ಟು ಬಿಡಬೇಕು, ರಕ್ಷಣೆ ಎಷ್ಟು ಕೊಡಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ಮುಖ್ಯಸ್ಥನ ವಾದದಲ್ಲಿ ಹುರುಳಿತ್ತು. ಹಿಂದೊಮ್ಮೆ ದೂರುಗಳಿಗೆ ಹೆದರಿ ಅವರು ಕಾವಲಿನ ವಲಯವನ್ನು ಎರಡು ಪಟ್ಟು ಹಿಗ್ಗಿಸಿದ್ದರಂತೆ. "ಯಾರೂ ಸಾಯ್ಲಿಲ್ಲ. ಯಾರೂ ಆಡ್ಲಿಕ್ಕೂ ಇಲ್ಲ," ಎಂದ. "ಕಳ್ಕೊಳ್ಳುವ ಹೆದರಿಕೆ ಇಲ್ಲದಿದ್ರೆ ಗಳಿಸಿದ್ದಕ್ಕೆ ರುಚಿ ಎಲ್ಲಿಂದ ಬರ್ಬೇಕು?" ನಾನು ತಲೆಯಾಡಿಸಿದೆ. ಅದು ನನಗೆ ಈಗಲೂ ಒಪ್ಪಿಗೆ.

ಬಳಿಕ, ಆಟ ಎಷ್ಟು ಜೀವಂತವಾಗಿದೆಯೆಂದು ತೋರಿಸಲು, ಅವನು ಒಂದು ವಿಡಿಯೊ ಹಾಕಿದ. ಅದನ್ನು ಮಾಡಿದವರು ಆಟದಲ್ಲಿ ಹೆಸರುವಾಸಿಯಾದ ಬೇಟೆಗಾರರ ಗುಂಪು. ಬುಧವಾರ ಬೆಳಿಗ್ಗೆ ಏಳನೇ ದ್ವಾರದ ಬಾಯಲ್ಲಿ ಹತ್ತು ಹಡಗುಗಳನ್ನು ಅವರು ಸಾಲಾಗಿ ಒಡೆದಿದ್ದರು. ಒಂಬತ್ತು ಹೊಸಬರವು, ಹತ್ತನೆಯದು ಅವರಿಗೆ ದಾರಿ ತೋರಿಸಲು ಬಂದ ಹಳಬನದು. ಒಡೆದದ್ದು ನನಗೆ ಅಸಹ್ಯವೆನಿಸಲಿಲ್ಲ. ಆಟದಲ್ಲಿ ಧ್ವನಿಯ ಸಂಪರ್ಕವೂ ಇದೆ. ಹಳಬ ಹೊಸಬರಿಗೆ "ನಿಲ್ಲಿ, ನಿಲ್ಲಿ, ನನಗಿನ್ನೂ ಕಾಣುದಿಲ್ಲ" ಎಂದು ಹೇಳುತ್ತ ನಡುವೆ ಕೆಮ್ಮುತ್ತಿದ್ದ; ಎದೆಯ ಆಳದಿಂದ ಬರುವ, ಮುಗಿಯದ ಕೆಮ್ಮು. ಬೇಟೆಗಾರರು ಆ ಕೆಮ್ಮನ್ನು ಕತ್ತರಿಸಿ, ಮತ್ತೆ ಮತ್ತೆ ಜೋಡಿಸಿ, ತಾಳಕ್ಕೆ ಹೊಂದಿಸಿದ್ದರು. ಕೊನೆಗೆ ಒಬ್ಬೊಬ್ಬರಾಗಿ ತಾವೂ ಹಾಗೆಯೇ ಕೆಮ್ಮಿ ನಗುತ್ತಿದ್ದರು. ಕೋಣೆಯಲ್ಲಿದ್ದ ನಾಲ್ಕೈದು ಜನರೂ ನಕ್ಕರು. ಕಾಪು ಊರಿನಿಂದ ಬರುತ್ತಿದ್ದ ನಿಯಮ ವಿನ್ಯಾಸಕಿ ಒಬ್ಬಳು ಮಾತ್ರ ನಗದೆ ಎದ್ದು ಹೊರಗೆ ಹೋದಳು. ನನಗೆ ಅಸಹ್ಯವಾಗಿ ಪರದೆಯಿಂದ ಮುಖ ತಿರುಗಿಸಿದೆ.

ನನ್ನ ಮುಂದೆ ಬಂದ ಮೊದಲ ದೊಡ್ಡ ದೂರು ಆ ಹಳಬನದೇ. ಕಾರ್ಕಳದವನು. ಬರೆದದ್ದು ನಾಲ್ಕೇ ಸಾಲು: ತಾನು ದ್ವಾರ ದಾಟಿ ಆಯುಧವನ್ನಾಗಲಿ ಚುಕ್ಕಾಣಿಯನ್ನಾಗಲಿ ಮುಟ್ಟಲಿಲ್ಲ, ಕವಚದ ಮೂವತ್ತು ಸೆಕೆಂಡು ಮುಗಿಯುವ ಮೊದಲೇ ತನ್ನ ಹಡಗು ಒಡೆಯಿತು, ಇದು ಮೋಸ.

ನಾನು ಕ್ರಮವಾಗಿ ಕೆಲಸ ಹಿಡಿದೆ. ಹಾಳೆಯ ಮೇಲೆ ಮೂರು ಅಂಕಣ ಎಳೆದೆ: ದಾಖಲೆಯ ಸಮಯ, ನಮ್ಮ ಸಮಯ, ದೂರಿನ ಸಮಯ. ಆಟದ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಹೊಸ ದಿನ ಹುಟ್ಟುವುದು ನಮ್ಮ ಬೆಳಗಿನ ಜಾವದಲ್ಲಿ. ಸೂರ್ಯೋದಯದಿಂದ ವಾರ ಎಣಿಸುವ ಪಂಚಾಂಗದಲ್ಲಿ ಪಳಗಿದ ನನಗೆ ಅದು ಮೋಜಿನ ವಿಷಯವಾಯಿತು. ಒಂದೊಂದು ಸಾಲನ್ನೂ ಪರಿವರ್ತಿಸಿ, ತಿರುಗಿ ಪರಿವರ್ತಿಸಿ, ಎರಡು ದಿನ ಅದರಲ್ಲೇ ಕಳೆದೆ. ಘಟನೆ ಬುಧವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ. ಕವಚ ಕಳಚಿದ್ದು ದ್ವಾರ ದಾಟಿದ ಹನ್ನೆರಡನೇ ಸೆಕೆಂಡಿನಲ್ಲಿ. ಹಡಗು ಒಡೆದದ್ದು ಹದಿನಾರನೆಯದರಲ್ಲಿ.

ಹನ್ನೆರಡು ಏಕೆ? ಮುಖ್ಯಸ್ಥ ಒಂದು ಪ್ರಕಟಣೆಯನ್ನು ತೋರಿಸಿದ. ಎಲ್ಲ ಆಟಗಾರರೂ ಓದಬಹುದಾದ ಸೂಚನಾ ಫಲಕದಲ್ಲಿ ಅದು ಇತ್ತು. ಆಟದ ಬಿರುಸು ಹೆಚ್ಚಿಸಲು ಮಂಗಳವಾರದಿಂದ ಕವಚವನ್ನು ಮೂವತ್ತರಿಂದ ಹನ್ನೆರಡಕ್ಕೆ ಇಳಿಸಲಾಗಿದೆ ಎಂಬ ಒಕ್ಕಣೆ. ತಲೆಯಲ್ಲಿ ಸೋಮವಾರದ ದಿನಾಂಕ. ಪ್ರಕಟಣೆ ಸೋಮವಾರ, ಜಾರಿ ಮಂಗಳವಾರ, ಘಟನೆ ಬುಧವಾರ. ಮೂರೂ ಮೆಟ್ಟಿಲುಗಳಂತೆ ಒಂದರ ಮೇಲೊಂದು ಕುಳಿತವು.

ಆ ವಿಡಿಯೊ ನೆನಪಿನಲ್ಲಿತ್ತು. ಅಸಹ್ಯವಾಯಿತೆಂಬ ಮಾತ್ರಕ್ಕೆ ದೂರು ನಿಜವಾಗುವುದಿಲ್ಲ, ಕನಿಕರ ಪುರಾವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಷ್ಪಕ್ಷಪಾತಿಯಾಗಿದ್ದೇನೆಂಬ ಹೆಮ್ಮೆಯಲ್ಲಿ ಬರೆದೆ: "ನಿಯಮದ ಬದಲಾವಣೆ ಘಟನೆಗೆ ಎರಡು ದಿನ ಮೊದಲೇ ಪ್ರಕಟವಾಗಿತ್ತು. ಹೊಸಬರಿಗೆ ಮಾರ್ಗದರ್ಶಕನಾದ ದೂರುದಾರ ಅದನ್ನು ಅರಿತಿರಲೇಬೇಕು. ದೂರು ಸತ್ಯಕ್ಕೆ ದೂರವಾದುದು." ಕೆಳಗೆ ಸಹಿ ಮಾಡಿದೆ.

ವರದಿಯನ್ನು ಮರುದಿನವೇ ಫಲಕದಲ್ಲಿ ಹಾಕಿದರು. ಅದರ ಕೆಳಗೆ ಸಂಸ್ಥೆಯ ಆದೇಶ: ಸುಳ್ಳು ದೂರು ಕೊಟ್ಟದ್ದಕ್ಕಾಗಿ ಈ ಆಟಗಾರನ ಖಾತೆಯನ್ನು ಬರುವ ಶನಿವಾರ ಶಾಶ್ವತವಾಗಿ ಮುಚ್ಚಲಾಗುವುದು, ಅವನ ಹೆಸರು ಸುಳ್ಳು ದೂರುದಾರರ ಪಟ್ಟಿಯಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯುವುದು. ಕೆಳಗೆ ಬೇಟೆಗಾರರ ಪ್ರತಿಕ್ರಿಯೆಗಳು ಸಾಲುಗಟ್ಟಿದವು. ಬಹಳಷ್ಟರಲ್ಲಿ ಇದ್ದದ್ದು ಒಂದೇ ಶಬ್ದ, ಕೆಮ್ಮಿನ ಶಬ್ದವನ್ನು ಅಕ್ಷರದಲ್ಲಿ ಬರೆದದ್ದು.

ಮೂರನೆಯ ದಿನ, ಸೋಮವಾರ, ಕಾರ್ಕಳದಿಂದ ನನ್ನ ಹೆಸರಿಗೊಂದು ಸಂದೇಶ ಬಂತು.

"ನೀವು ಶಾಸನ ಓದುವವರಂತೆ. ನಾನು ಕಲ್ಲು ಕೆತ್ತಿದವ. ಮೂವತ್ತೆಂಟು ವರ್ಷ ಕೆತ್ತಿದೆ. ಒಮ್ಮೆ ತಪ್ಪಿ ಬಿದ್ದ ಚಾಣದ ಏಟು ತಿರುಗಿ ಮೇಲೇಳುವುದಿಲ್ಲ, ಅದು ನಿಮಗೆ ಗೊತ್ತಿರಬೇಕು. ಹಡಗು ಹೋಗಲಿ. ಸುಳ್ಳ ಅಂತ ಬರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು."

ಅದನ್ನು ಎರಡು ಸಲ ಓದಿದೆ. ಒಬ್ಬ ಮನುಷ್ಯನ ಮಾತು ಸುಳ್ಳೆಂದು ಬರೆಯುವಾಗ ಆ ಮನುಷ್ಯನ ಮಾತನ್ನೇ ಕೇಳದೆ ಬಿಟ್ಟಿದ್ದೆ. ಸತ್ತು ಸಾವಿರ ವರ್ಷವಾದವರ ಜೊತೆ ವ್ಯವಹರಿಸಿದವನಿಗೆ ಬದುಕಿದ್ದವರನ್ನು ಕೇಳಬಹುದೆಂಬುದು ಹೊಳೆಯುವುದಿಲ್ಲವೆಂದು ತೋರುತ್ತದೆ.

ಅಂದು ಮಧ್ಯಾಹ್ನ ಕಚೇರಿಯ ಕೆಳಗಿನ ಕ್ಯಾಂಟೀನಿನಲ್ಲಿ ನಿಯಮ ವಿನ್ಯಾಸಕಿ ಚಹಾ ಕುಡಿಯುತ್ತಿದ್ದಳು. ಕವಚದ ನಿಯಮವನ್ನು ಮೊದಲು ಬರೆದವಳು ಅವಳೇ. ಮೀನುಗಾರರ ಮನೆಯ ಹುಡುಗಿ; ಮಾವನ ದೋಣಿ ಮಲ್ಪೆಯಿಂದ ಹೋಗುತ್ತಿತ್ತು. ದಿನಾ ಕಾಪುವಿನಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ನಾನು ಎದುರು ಕುಳಿತೆ. ಅವಳು ಲೋಟದಿಂದ ಕಣ್ಣೆತ್ತಲಿಲ್ಲ.

"ನಿನಗೆ ನನ್ನ ಮೇಲೆ ಸಿಟ್ಟುಂಟು," ಎಂದೆ.

"ಸಿಟ್ಟೆಂತ ಸರ್. ನೀವು ದೊಡ್ಡವರು, ಬರೆದ್ರಿ."

"ಕವಚ ಹನ್ನೆರಡಕ್ಕೆ ಇಳಿಸಿದ್ದು ನೀನೇ ಅಲ್ವಾ?"

ಈಗ ಕಣ್ಣೆತ್ತಿದಳು. "ನಾನಾ? ಆ ವಾರ ನಾನು ರಜೆಯಲ್ಲಿದ್ದೆ ಸರ್. ಅಕ್ಕನ ಮದುವೆ. ಶುಕ್ರವಾರ ಬಂದು ನೋಡ್ತೇನೆ, ಮೂವತ್ತು ಇದ್ದದ್ದು ಹನ್ನೆರಡು ಆಗಿದೆ. ಕೇಳಿದ್ರೆ, ಪ್ರಕಟಣೆ ಹಾಕಿ ಆಯ್ತು, ಇನ್ನು ಮಾತಿಲ್ಲ ಅಂದ್ರು."

"ಹನ್ನೆರಡು ಸಾಕಾಗುದಿಲ್ವಾ?"

ಅವಳು ಮೇಜಿನ ಮೇಲೆ ಬಿದ್ದಿದ್ದ ಚಹಾದ ಹನಿಯನ್ನು ಬೆರಳಿನಿಂದ ಎಳೆದು ಒಂದು ಗೆರೆ ಮಾಡಿದಳು. "ಇದು ಹೊಳೆ ಅಂತ ಇಟ್ಕೊಳ್ಳಿ. ಅದು ಕಡಲು. ದೋಣಿ ಮಗುಚುವುದು ಎಲ್ಲಿ ಹೇಳಿ?"

"ನಡುಕಡಲಲ್ಲಿ?"

"ಅದು ಸಿನಿಮಾದಲ್ಲಿ. ನಮ್ಮವರದ್ದು ಮಗುಚುವುದು ಅಳಿವೆ ಬಾಯಲ್ಲಿ. ಹೊಳೆಯ ನೀರು ಹೊರಗೆ ನೂಕ್ತದೆ, ಕಡಲಿನ ಅಲೆ ಒಳಗೆ ನೂಕ್ತದೆ, ಅಡಿಯಲ್ಲಿ ಹೂಳು. ಕಡಲಿಗೆ ಹೋದ ಮೇಲೆ ಏನಾದ್ರೂ ಆದ್ರೆ ಅದು ಕಸುಬು, ಯಾರೂ ದೂರುವುದಿಲ್ಲ. ಆದ್ರೆ ಅಳಿವೆಯಲ್ಲಿ ದಾರಿ ಕಾಣುವವರೆಗೆ ಯಾರೂ ಯಾರಿಗೂ ಅಡ್ಡ ಬರ್ಲಿಕ್ಕಿಲ್ಲ. ಬದ್ಧ ವೈರಿ ಆದ್ರೂ ದೋಣಿ ಬದಿಗೆ ತೆಗೀತಾನೆ. ಕವಚ ಅಂದ್ರೆ ನನಗೆ ಅದು. ಆ ಹಡಗುಗಳು ಒಡೆದ ದ್ವಾರಕ್ಕೆ ಅಳಿವೆ ಬಾಗಿಲು ಅಂತ ಹೆಸರಿಟ್ಟದ್ದೂ ನಾನೇ."

"ಏಳನೇ ದ್ವಾರ ಅಲ್ವಾ ಅದು?"

"ಮೊದಲು ಹಾಗೇ ಇತ್ತು. ಆಟಗಾರರ ಮತಕ್ಕೆ ಹಾಕಿದ್ರು, ಯಾವ ಹೆಸರು ಬೇಕು ಅಂತ. ಆ ಬುಧವಾರವೇ ಸಂಜೆ ಆರಕ್ಕೆ ಮುಗಿದದ್ದು. ಅಕ್ಕನ ಮದರಂಗಿ ದಿನ. ಎರಡೂ ಕೈಗೆ ಮದರಂಗಿ ಹಾಕ್ಕೊಂಡು ಕೂತಿದ್ದೇನೆ, ಫೋನಿನಲ್ಲಿ ಮೆಸೇಜು, ನಿನ್ನ ಹೆಸರು ಗೆದ್ದಿತು ಅಂತ. ಮುಟ್ಲಿಕ್ಕೂ ಆಗುದಿಲ್ಲ." ಮೊದಲ ಸಲ ಸ್ವಲ್ಪ ನಕ್ಕಳು.

ನಾನು ಚಹಾ ಮುಗಿಸಿ ಮನೆಗೆ ಹೋದೆ. ಅಭ್ಯಾಸದಂತೆ ಅವಳ ಮಾತಿನಲ್ಲಿ ಬಂದ ವಾರ ಮತ್ತು ಗಂಟೆಯನ್ನು ಚೀಟಿಯೊಂದರಲ್ಲಿ ಬರೆದುಕೊಂಡೆ. ಚೀಟಿಯನ್ನು ಕಡತದಲ್ಲಿ ಸೇರಿಸುವಾಗ, ಸೋಮವಾರದ ಪ್ರಕಟಣೆಯ ಪ್ರತಿ ಮೇಲಿತ್ತು. ಅದನ್ನು ಆ ತನಕ ನಾನು ಪೂರ್ತಿಯಾಗಿ ಓದಿರಲಿಲ್ಲ. ತಲೆಯ ದಿನಾಂಕ, ನಡುವಿನ ನಿಯಮ, ಇಷ್ಟನ್ನು ಮಾತ್ರ ಅಂಕಣಕ್ಕೆ ಇಳಿಸಿದ್ದೆ. ಈಗ ಓದಿದೆ. ಕೊನೆಯ ಸಾಲು ಹೀಗಿತ್ತು: "ಈ ಬದಲಾವಣೆ ಅಳಿವೆ ಬಾಗಿಲೂ ಸೇರಿದಂತೆ ಎಲ್ಲ ದ್ವಾರಗಳಿಗೂ ಅನ್ವಯಿಸುತ್ತದೆ."

ಕಾಲನಿರ್ಣಯದ ಮೊದಲ ಪಾಠಗಳಲ್ಲಿ ಇದೊಂದು. ದಾನ ಕೊಟ್ಟ ದಿನ ಬೇರೆ, ತಾಮ್ರಪಟ ಬರೆಸಿದ ದಿನ ಬೇರೆ. ಅಜ್ಜನ ಕಾಲದ ದಿನಾಂಕ ಹಾಕಿ ಮೊಮ್ಮಗನ ಕಾಲದಲ್ಲಿ ಬರೆಸಿದ ಪಟಗಳಿಗೆ ಕೂಟಶಾಸನವೆನ್ನುತ್ತೇವೆ. ಅವು ಸಿಕ್ಕಿಬೀಳುವುದು ದಿನಾಂಕದಿಂದಲ್ಲ. ದಿನಾಂಕವನ್ನು ಕೂಟಕಾರ ಜಾಗ್ರತೆಯಿಂದಲೇ ಹಾಕಿರುತ್ತಾನೆ. ಅರಸ ಇನ್ನೂ ಪಡೆಯದ ಬಿರುದೊಂದು ಅವನ ಹೆಸರಿನ ಹಿಂದೆ ನುಸುಳಿರುತ್ತದೆ, ಅಲ್ಲಿ ಸಿಕ್ಕಿಬೀಳುತ್ತವೆ. ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿದ್ದು ಎಷ್ಟು ಸಲವೋ. ಸೋಮವಾರ ಬರೆದ ಪ್ರಕಟಣೆಗೆ ಬುಧವಾರ ಸಂಜೆ ಹುಟ್ಟಿದ ಹೆಸರು ಗೊತ್ತಿರಲು ಸಾಧ್ಯವಿಲ್ಲ.

ಆದರೂ ಇನ್ನೊಂದು ಸಾಧ್ಯತೆಯನ್ನು ಕಳೆಯಬೇಕಿತ್ತು. ಆ ಹೆಸರೇ ಗೆಲ್ಲುವುದೆಂದು ಮೊದಲೇ ಊಹಿಸಿ ಬರೆದಿರಬಹುದಲ್ಲ? ಮತದಾನದ ಪುಟ ಫಲಕದಲ್ಲಿ ಹಾಗೆಯೇ ಇತ್ತು. ಬುಧವಾರ ಮಧ್ಯಾಹ್ನದವರೆಗೆ ಮುಂದಿದ್ದದ್ದು "ಯಮದ್ವಾರ" ಎಂಬ ಹೆಸರು; ಅದು ಗೆದ್ದೇ ಗೆಲ್ಲುವುದೆಂದು ಬೇಟೆಗಾರರು ಬೀಗಿ ಬರೆದ ಮಾತುಗಳೂ ಇದ್ದವು. ಅಳಿವೆ ಬಾಗಿಲು ಮೇಲೆ ಬಂದದ್ದು ಕೊನೆಯ ಒಂದು ಗಂಟೆಯಲ್ಲಿ. ಊಹೆಗೆ ಎಡೆಯಿರಲಿಲ್ಲ. ಪ್ರಕಟಣೆ ಹುಟ್ಟಿದ್ದು ಹಡಗುಗಳು ಒಡೆದ ಮೇಲೆ. ದಿನಾಂಕವನ್ನು ಹಿಂದಕ್ಕೆ ಹಾಕಲಾಗಿತ್ತು. ಆ ಸುಳ್ಳಿಗೆ ಮುದ್ರೆ ಒತ್ತಿದವನು ನಾನು.

ಮರುದಿನ ಮಣಿಪಾಲದಿಂದ ಕಾರ್ಕಳದ ಬಸ್ಸು ಹತ್ತಿದೆ. ಜೇಬಿನಲ್ಲಿ ಸೆಕೆಂಡು ಎಣಿಸುವ ಹಳೆಯ ನಿಲುಗಡಿಯಾರ.

ದೂರುದಾರನ ಮನೆಯಂಗಳದಲ್ಲಿ ಅರ್ಧ ಕೆತ್ತಿದ ಒಂದು ನಂದಿ ತೆಂಗಿನ ಗರಿಯ ಮರೆಯಲ್ಲಿ ಕುಳಿತಿತ್ತು. ಮುಖವಿತ್ತು, ಕಾಲುಗಳು ಕಲ್ಲಿನಿಂದ ಇನ್ನೂ ಬಿಡಿಸಿಕೊಂಡಿರಲಿಲ್ಲ. ಶ್ವಾಸಕೋಶಕ್ಕೆ ಕಲ್ಲಿನ ಧೂಳು ಹತ್ತಿದ ಮೇಲೆ ಉಳಿ ಮುಟ್ಟಬಾರದೆಂದು ವೈದ್ಯರು ಹೇಳಿ ಮೂರು ವರ್ಷ. ಆ ಮೂರು ವರ್ಷವೂ ಅವರು ಪರದೆಯ ಮೇಲೆ ಹಡಗು ಕಟ್ಟಿದ್ದರು. ನನ್ನ ಹೆಸರು ಹೇಳಿದೆ.

"ನೀವೇ ಅಲ್ವಾ ನನ್ನನ್ನು ಸುಳ್ಳ ಮಾಡಿದವರು," ಎಂದು ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಬೈಲಿಕ್ಕೆ ಉಸಿರು ಬೇಕು, ಅದು ನನ್ನಲ್ಲಿ ಕಮ್ಮಿ."

ಒಳಗಿನಿಂದ ಅವರ ಹೆಂಡತಿ, "ಬಾಕಿ ಇದ್ದದ್ದನ್ನು ನಾನು ಬೈತೇನೆ, ಮೊದಲು ಅವರಿಗೆ ನೀರು ಕೊಡಿ," ಎಂದರು.

ನೀರು ಕುಡಿದು, ತಪ್ಪಾಯಿತೆಂದು ಹೇಳಿದೆ. ಹೇಗೆ ತಪ್ಪಾಯಿತೆಂಬುದನ್ನೂ ಹೇಳಿದೆ. ಅವರು ಪ್ರಕಟಣೆಯ ಪ್ರತಿಯನ್ನು ಹಿಡಿದು, ಕಲ್ಲಿನ ಮೈ ಸವರುವಂತೆ ಕೊನೆಯ ಸಾಲಿನ ಮೇಲೆ ಹೆಬ್ಬೆರಳು ಎಳೆದರು.

"ಹೊಡೆದದ್ದಕ್ಕೆ ನನ್ನದು ತಕರಾರಿಲ್ಲ ಸರ್. ಹೊಡೀಲಿ. ಹೆದರಿಕೆ ಬೇಡ ಅಂತಿದ್ರೆ ನಾನು ಟಿವಿ ನೋಡ್ತಿದ್ದೆ. ಆ ಹುಡುಗರು ಒಂಬತ್ತು ಜನಕ್ಕೂ ಹೇಳಿಯೇ ಕರ್ಕೊಂಡು ಹೋದದ್ದು, ಆಚೆ ಹೋದ್ರೆ ಹೊಡೀತಾರೆ, ಆದ್ರೆ ಮೂವತ್ತು ಸೆಕೆಂಡು ಉಂಟು, ನೋಡಿ ಬೇಡ ಅಂತ ಕಂಡ್ರೆ ತಿರುಗಿ ಬರುವಾ ಅಂತ. ಈಗ ಅವರೆಲ್ಲ ಫಲಕ ನೋಡಿ ಎಂತ ಹೇಳ್ತಾರೆ? ಗೊತ್ತಿದ್ದೂ ನಮ್ಮನ್ನು ಕೊಲ್ಲಿಸಿದ ಅಂತ. ಒಬ್ಬನೂ ಮಾತಾಡುದಿಲ್ಲ ಈಗ."

ಶನಿವಾರಕ್ಕೆ ಮುನ್ನವೇ ಅವರ ಖಾತೆಗೆ ತಾತ್ಕಾಲಿಕ ಬೀಗ ಬಿದ್ದಿತ್ತು. ಪರೀಕ್ಷೆಗೆಂದು ಸಂಸ್ಥೆ ನನ್ನ ಹೆಸರಿಗೆ ಕೊಟ್ಟಿದ್ದ ಖಾತೆಯನ್ನು ಅವರ ಯಂತ್ರದಲ್ಲಿ ತೆರೆದೆವು. ಹಡಗನ್ನು ಅವರು ನಡೆಸಿದರು, ನಾನು ನಿಲುಗಡಿಯಾರ ಹಿಡಿದೆ. ದ್ವಾರ ದಾಟಿದೊಡನೆ ಪರದೆ ಕಪ್ಪು. ಏಳು ಸಲ ದಾಟಿದೆವು. ಕಣ್ಣು ಬರಲು ಅತಿ ಕಡಿಮೆಯೆಂದರೆ ಹದಿನೈದು ಸೆಕೆಂಡು, ಅತಿ ಹೆಚ್ಚೆಂದರೆ ಹತ್ತೊಂಬತ್ತು. ಅದೇ ದ್ವಾರವನ್ನು ವಿನ್ಯಾಸಕಿ ಮಣಿಪಾಲದ ಕಚೇರಿಯ ವೇಗದ ಸಂಪರ್ಕದಲ್ಲಿ ದಾಟಿದಾಗ ನಾಲ್ಕೇ ಸೆಕೆಂಡು ಹಿಡಿಯಿತೆಂದು ಫೋನಿನಲ್ಲಿ ತಿಳಿಸಿದಳು. ಹನ್ನೆರಡು ಸಾಕೆಂದು ತೀರ್ಮಾನಿಸಿದವರು ಕುಳಿತದ್ದು ಆ ಕಚೇರಿಯಲ್ಲಿ.

"ಹನ್ನೆರಡಕ್ಕೆ ಕವಚ ಹೋಯ್ತು, ಹದಿನಾರಕ್ಕೆ ನಾನು ಹೋದೆ, ಹದಿನೇಳಕ್ಕೆ ಕಣ್ಣು ಬಂತು," ಎಂದರು ಅವರು. "ಕಣ್ಣು ಬಿಟ್ಟು ನೋಡಿದ್ದು ನನ್ನದೇ ಬೊಜ್ಜ." ತಮ್ಮದೇ ಉತ್ತರಕ್ರಿಯೆಯ ಮಾತಿಗೆ ತಾವೇ ನಕ್ಕು, ನಗು ಕೆಮ್ಮಾಗಿ, ಬಹಳ ಹೊತ್ತು ಕೆಮ್ಮಿದರು. ಅದು ನಾನು ವಿಡಿಯೊದಲ್ಲಿ ಕೇಳಿದ್ದ ಕೆಮ್ಮೇ. ತಲೆ ಎತ್ತಿ ನೋಡಲಾಗಲಿಲ್ಲ.

ಬುಧವಾರ ಬೆಳಿಗ್ಗೆ ಮುಖ್ಯಸ್ಥನ ಎದುರು ಕಡತ ಇಟ್ಟೆ. ಅವನು ಓದಿದ. ಹುಸಿಯೆನ್ನಲಿಲ್ಲ, ಗಾಬರಿಯಾಗಲಿಲ್ಲ; ಬೆರಗುಗೊಂಡವನಂತೆ ನಕ್ಕ.

"ಒಂದು ಹೆಸರಿನಿಂದ ಹಿಡಿದ್ರಲ್ಲ ಸರ್. ನೀವು ನಿಜಕ್ಕೂ ಕಿಲಾಡಿ."

"ಪ್ರಕಟಣೆ ಬರೆದದ್ದು ಯಾವಾಗ?"

"ಗುರುವಾರ. ಮಂಗಳವಾರ ಸ್ವಲ್ಪ ಪರೀಕ್ಷೆ ಮಾಡುವಾ ಅಂತ ಇಳಿಸಿದ್ದು. ಆ ಗುಂಪಿಗೆ ಮಾತ್ರ ಹೇಳಿದ್ದೆ, ಅವರ ವಿಡಿಯೊ ತುಂಬ ಜನ ನೋಡ್ತಾರೆ. ಇಷ್ಟು ಗಲಾಟೆ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು? ಮತ್ತೆ ದಿನಾಂಕ ಸರಿ ಮಾಡಿದೆವು."

"ಸರಿ ಮಾಡಿದೆವು" ಎಂಬ ಆ ಪದ. ನಾನು ಅದನ್ನು ಇಲ್ಲಿ ಅವನು ಹೇಳಿದಂತೆಯೇ ದಾಖಲಿಸುತ್ತಿದ್ದೇನೆ.

"ಹಾಗಾದರೆ ಅದನ್ನೇ ಫಲಕದಲ್ಲಿ ಹೇಳಿ. ನನ್ನ ವರದಿ ತಪ್ಪೆಂದೂ ಹಾಕಿ."

"ಸರ್, ಅವರ ಖಾತೆ ಬಿಟ್ಟುಕೊಡ್ತೇನೆ. ಹಡಗೂ ಕೊಡ್ತೇನೆ, ಹಿಂದಿನದಕ್ಕಿಂತ ದೊಡ್ಡದು. ಸದ್ದಿಲ್ಲದೆ ಆಗ್ಲಿ. ವರದಿ ಅಲ್ಲಿ ಕೆಳಗೆ ಹೋಗ್ತದೆ, ಯಾರು ನೋಡ್ತಾರೆ?"

"ಅವರು ಕೇಳಿದ್ದು ಹಡಗಲ್ಲ."

"ಮತ್ತೆಂತ ಬೇಕಂತೆ? ಇದು ಆಟ ಸರ್. ನಿಜವಾಗಿ ಯಾರಿಗಾದ್ರೂ ಪೆಟ್ಟಾಯ್ತಾ?"

ಅವನು ಕೆಟ್ಟವನಂತೆ ಕಾಣುತ್ತಿರಲಿಲ್ಲ. ನನಗೆ ಹೆಚ್ಚು ಹೇಸಿಗೆಯಾದದ್ದು ಅದರಿಂದಲೇ. ಕುರುಡನನ್ನು ಹೊಡೆಯಲು ಕೆಲವರಿಗೆ ಮಾತ್ರ ಹೊತ್ತು ಗೊತ್ತುಮಾಡಿ ಕೊಟ್ಟು, ಹೊಡೆಸಿಕೊಂಡವನು ಕೂಗಿದರೆ ಅವನನ್ನೇ ಸುಳ್ಳನೆಂದು ಕರೆದು, ಅದಕ್ಕೊಬ್ಬ ನರೆಗೂದಲಿನ ವಿದ್ವಾಂಸನ ಸಹಿ ತಂದು, ಈಗ ಹಸನ್ಮುಖಿಯಾಗಿ ಚಹಾ ತರಿಸುತ್ತಿದ್ದ. ನಾನು ಚಹಾ ಬೇಡವೆಂದು ಎದ್ದೆ.

ಕೆಲಸಕ್ಕೆ ಸೇರುವಾಗ ಸಂಸ್ಥೆಯ ಒಳಗಿನ ದಾಖಲೆಗಳನ್ನು ಹೊರಗೆ ಹೇಳುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಮಾಡಿದ್ದೆ. ಅದನ್ನು ಮನೆಯಲ್ಲಿ ಮತ್ತೊಮ್ಮೆ ಓದಿದೆ. ಈ ಸಲ ಕೊನೆಯ ಸಾಲಿನವರೆಗೂ ಓದಿದೆ. ಒಳಗಿನ ದಾಖಲೆ ನನಗೆ ಬೇಕಾಗಿಯೇ ಇರಲಿಲ್ಲ. ಪ್ರಕಟಣೆ ಬಹಿರಂಗ, ಮತದಾನದ ಪುಟ ಬಹಿರಂಗ, ಬೇಟೆಗಾರರು ಹೆಮ್ಮೆಯಿಂದ ಹಾಕಿಕೊಂಡ ವಿಡಿಯೊದ ಮೂಲೆಯಲ್ಲಿ ವಾರ ಮತ್ತು ಗಂಟೆ ಬಹಿರಂಗ. ಮುಖ್ಯಸ್ಥ ಬಾಯಿಬಿಟ್ಟು ಹೇಳಿದ್ದನ್ನು ಕೈಬಿಟ್ಟೆ. ಪರೀಕ್ಷೆಗೆ ಕೊಟ್ಟ ಖಾತೆಯಿಂದ ಫಲಕದಲ್ಲಿ ಬರೆಯಲು ಯಾವ ಆಟಗಾರನಿಗೂ ಇರುವಷ್ಟೇ ಹಕ್ಕು ನನಗೂ ಇತ್ತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರೆದು ಹಾಕಿದೆ. ಮೊದಲ ವಾಕ್ಯ: "ಈ ಫಲಕದಲ್ಲಿರುವ ನನ್ನ ವರದಿ ತಪ್ಪು; ದೂರುದಾರರು ಹೇಳಿದ್ದು ನಿಜ." ಬಳಿಕ ಮೂರು ಆಕರಗಳು, ಮೂರು ಸಮಯಗಳು, ಯಾರು ಬೇಕಾದರೂ ಹೋಗಿ ನೋಡುವಂತೆ. ಯಾರನ್ನೂ ಬೈಯಲಿಲ್ಲ. ಕೊನೆಯಲ್ಲಿ ವಿನ್ಯಾಸಕಿಯ ಒಪ್ಪಿಗೆ ಪಡೆದು ಅವಳ ಮಾತೊಂದನ್ನು, ಹೆಸರಿಲ್ಲದೆ, ಸೇರಿಸಿದೆ: ಕಡಲಿನ ಅಪಾಯ ಕಸುಬಿಗೆ ಸೇರಿದ್ದು, ಅಳಿವೆಯಲ್ಲಿ ದಾರಿ ಕಾಣುವವರೆಗೆ ಅಡ್ಡ ಬರಬಾರದು.

ಮೊದಲ ಒಂದು ಗಂಟೆ ಕೆಮ್ಮುಗಳು ಬಂದವು. ಆಮೇಲೆ ಯಾರೋ ಮತದಾನದ ಪುಟವನ್ನು ತೆರೆದು ನೋಡಿ, "ಅಜ್ಜ ಹೇಳಿದ್ದು ಸರಿ ಉಂಟು ಮಾರಾಯ" ಎಂದು ಬರೆದರು. ಬಳಿಕ ಇನ್ನೊಬ್ಬರು, ಮತ್ತೊಬ್ಬರು. ಒಡೆದ ಒಂಬತ್ತು ಹಡಗುಗಳ ಹೊಸಬರಲ್ಲಿ ನಾಲ್ವರು ತಮ್ಮ ಮಾರ್ಗದರ್ಶಕರ ಕ್ಷಮೆ ಕೇಳಿದರು. ಐವರು ಕೇಳಲಿಲ್ಲ, ಅದನ್ನೂ ಎಣಿಸಿದೆ. ಸಂಜೆಯ ಹೊತ್ತಿಗೆ ಬೇಟೆಗಾರರ ಗುಂಪಿನವನೇ ಒಬ್ಬ, ತಮಗೆ ಮಂಗಳವಾರವೇ ಸುಳಿವು ಸಿಕ್ಕಿತ್ತೆಂದು ಬಡಾಯಿ ಕೊಚ್ಚಿಕೊಂಡು ಬರೆದುಬಿಟ್ಟ. ಜಂಬಕ್ಕೆ ಬಾಯಿ ಮುಚ್ಚಲು ಬರುವುದಿಲ್ಲ.

ಶುಕ್ರವಾರ ಆದೇಶ ಹಿಂದಕ್ಕೆ ಹೋಯಿತು. ಪಟ್ಟಿಯಿಂದ ಹೆಸರು ಹೋಯಿತು. ವಿನ್ಯಾಸಕಿ ಹಿಂದೆಯೇ ಬರೆದಿಟ್ಟು ಯಾರೂ ನೋಡದಿದ್ದ ನಿಯಮವನ್ನು ಜಾರಿಗೆ ತಂದರು: ಕವಚದ ಎಣಿಕೆ ಹಡಗು ದ್ವಾರ ದಾಟಿದಾಗ ಅಲ್ಲ, ಅದರ ಒಡೆಯನ ಪರದೆಗೆ ಚಿತ್ರ ಪೂರ್ತಿ ಬಂದಾಗ ಶುರು, ಅಲ್ಲಿಂದ ಹನ್ನೆರಡು ಸೆಕೆಂಡು. ಬೇಕೆಂದೇ ಪರದೆಯನ್ನು ತಡೆಹಿಡಿದು ಕವಚದ ಮರೆಯಲ್ಲಿ ಕೂರುವವರಿಗಾಗಿ ಒಂದು ನಿಮಿಷದ ಮಿತಿ. ಅದು ಮೀರಿದರೆ ಹಡಗನ್ನು ಕಾವಲಿನ ವಲಯಕ್ಕೆ ತಿರುಗಿ ಕಳಿಸಲಾಗುತ್ತದೆ. ನನಗೆ ತಿಳಿದಮಟ್ಟಿಗೆ ಇದು ಕಾದಾಟಕ್ಕೂ ರಕ್ಷಣೆಗೂ ಏಕಕಾಲಕ್ಕೆ ನ್ಯಾಯ ಒದಗಿಸುವ ನಿಯಮ.

ಅದನ್ನು ಸಾರಿದ ರೀತಿ ಮಾತ್ರ ನೋಡಲಾಗುವಂತಿರಲಿಲ್ಲ. ಬಣ್ಣದ ಚಿತ್ರ, ಸಂಗೀತ, "ನಿಮ್ಮ ಮಾತೇ ನಮಗೆ ದಾರಿ" ಎಂಬ ಘೋಷಣೆ. ಹಿಂದಿನ ಪ್ರಕಟಣೆಯ ದಿನಾಂಕದ ಬಗ್ಗೆ ಒಂದಕ್ಷರವಿಲ್ಲ. ಈ ಪ್ರಕಟಣೆಯ ದಿನಾಂಕ ಸರಿಯಾಗಿತ್ತು, ಪರಿಶೀಲಿಸಿದೆ. ನನಗೆ ಸಂಸ್ಥೆಯಿಂದ ಮತ್ತೆ ಕರೆ ಬರಲಿಲ್ಲ.

ಕೆಲಸ ಬಿಡುತ್ತೀಯಾ ಎಂದು ವಿನ್ಯಾಸಕಿಯನ್ನು ಕೇಳಿದೆ. "ಬಿಡುದಿಲ್ಲ ಸರ್," ಎಂದಳು. "ನಾನು ಹೋದ್ರೆ ಆ ಬಾಗಿಲು ಇವರ ಕೈಗೇ ಹೋಗ್ತದೆ."

ಭಾನುವಾರ ಬೆಳಿಗ್ಗೆ ಕಾರ್ಕಳದಿಂದ ಫೋನು.

"ಸರ್, ಪುನಃ ಹೋಗಿದ್ದೆ. ಆ ನಾಲ್ಕು ಹುಡುಗರನ್ನು ಕರ್ಕೊಂಡು."

"ಎಂತ ಆಯ್ತು?"

"ಎಂತ ಆಗ್ಬೇಕು? ಹನ್ನೊಂದು ಹಡಗು ಬಾಗಿಲಲ್ಲೇ ಕಾದು ಕೂತಿತ್ತು. ಈ ಸಲ ಎಲ್ಲಾ ಕಂಡಿತು. ಹುಡುಗರನ್ನು ತಿರುಗಿ ಕಳ್ಸಿದೆ. ನಾನು ಮುಂದೆ ಹೋದೆ. ಎರಡು ಹಡಗು ಒಡೆದೆ ಸರ್, ಎರಡು. ಮತ್ತೆ ನನ್ನದು ಹೋಯ್ತು." ಕೆಮ್ಮು ಬಂತು, ಕಾದೆ. "ಆದ್ರೆ ಈ ಸಲ ಕಂಡು ಸತ್ತೆ. ಅದು ಬೇರೆಯೇ."

ನಾನು ಆಗಲೇ ಚೀಟಿಯೊಂದನ್ನು ಎಳೆದುಕೊಂಡು ಪೆನ್ಸಿಲು ಹಿಡಿದಿದ್ದೆ. "ಎಷ್ಟು ಗಂಟೆಗೆ ಇದು?"

"ಗಂಟೆ ಎಂತಕ್ಕೆ ಸರ್?" ಎಂದರು. "ನಾನು ಹೇಳ್ತಿದ್ದೇನಲ್ಲ."

ಪೆನ್ಸಿಲನ್ನು ಕೆಳಗಿಟ್ಟೆ. "ಹೇಳಿ," ಎಂದೆ. ಅವರು ಮೊದಲ ಹಡಗಿನಿಂದ ಹೇಳತೊಡಗಿದರು.